ಗ್ರಂಥಪಾಲಕರ ಕಾಣದ ದುಡಿಮೆ

ಗ್ರಂಥಾಲಯವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಬೀರುಗಳ ಸಾಲೂ, ಪುಸ್ತಕಗಳ ಲೆಕ್ಕ ಬರೆಯುವ ಒಬ್ಬ ಗ್ರಂಥಪಾಲಕರೂ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಾದರೋ ಗ್ರಂಥಪಾಲಕರಲ್ಲಿ ಅನೇಕರು ಪಾಠವನ್ನೂ ಹೇಳುತ್ತಾರೆ. ಪ್ರಾಧ್ಯಾಪಕರು ತಮ್ಮ ತರಗತಿಯ ಒಂದು ಅವಧಿಯನ್ನು ಅವರಿಗೆ ಬಿಟ್ಟುಕೊಡುವರು. ಬೇಕಾದ ಲೇಖನವನ್ನು ಹುಡುಕುವ ಬಗೆಯನ್ನೂ, ನಂಬತಕ್ಕ ಬರಹವಾವುದು, ನಂಬಬಾರದ್ದಾವುದು ಎಂಬ ವಿವೇಚನೆಯನ್ನೂ ಅಷ್ಟರಲ್ಲಿಯೇ ಕಲಿಸಬೇಕು. ಹೆಸರು ಸಹ ತಿಳಿಯದವರೊಡನೆ ಒಂದು ಗಂಟೆಯೊಳಗೆ ಸಲುಗೆ ಬೆಳೆಸುವುದು ಎಷ್ಟು ಕಷ್ಟವೆಂಬುದನ್ನು, ರಜೆಯಲ್ಲಿರುವ ಸಹೋದ್ಯೋಗಿಯ ಬದಲಿಗೆ ಅಪರಿಚಿತ ತರಗತಿಯನ್ನು ಹೊಕ್ಕ ಯಾವ ಉಪಾಧ್ಯಾಯರೂ ಬಲ್ಲರು.

ಈ ಕೆಲಸದ ಒಂದು ಪಾಲು ಕಣ್ಣಿಗೆ ಬೀಳುವಂಥದಲ್ಲ. ಅದಕ್ಕೆ ಹೆಸರನ್ನಿತ್ತವರು ಆ ದೇಶದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್. ವಿಮಾನಗಳಲ್ಲಿ ಪ್ರಯಾಣಿಕರನ್ನು ಉಪಚರಿಸುವವರ ಬಾಳನ್ನು ಅಭ್ಯಸಿಸಿ 1983ರಲ್ಲಿ ಅವರೊಂದು ಗ್ರಂಥವನ್ನು ಪ್ರಕಟಿಸಿದರು. ಊಟದ ತಟ್ಟೆಗಳನ್ನು ಒಯ್ಯುವುದು ದೇಹದ ಶ್ರಮ. ರೇಗುವ ಪ್ರಯಾಣಿಕನೆದುರು ತಮ್ಮ ಸಿಟ್ಟನ್ನು ನುಂಗಿ ನಗುವುದೂ ಸಂಬಳಕ್ಕಾಗಿ ಮಾಡುವ ಶ್ರಮವೇ ಎಂದು ಅವರು ತೋರಿಸಿಕೊಟ್ಟರು. ನಾವಿದನ್ನು ಭಾವಶ್ರಮವೆನ್ನೋಣ. ಮುಖದಲ್ಲಿ ಮಾತ್ರ ನಗೆಯನ್ನು ತಂದುಕೊಳ್ಳುವುದು ಒಂದು ಬಗೆ. ಮನಸ್ಸನ್ನೇ ಒಲಿಸಿ ಆ ಪ್ರಸನ್ನತೆಯನ್ನು ನಿಜವಾಗಿಸಿಕೊಳ್ಳುವುದು ಇನ್ನೊಂದು ಬಗೆ.

ಕೊರೋನಾ ಪಿಡುಗನ್ನು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಮಹಾಮಾರಿಯೆಂದು ಸಾರಿದ್ದು 2020ರ ಮಾರ್ಚ್ 11ರಂದು. ಅದೇ ತಿಂಗಳಲ್ಲಿ ಅಮೆರಿಕದ ಬಹುತೇಕ ಕಾಲೇಜುಗಳು ಬರಿದಾಗಿ, ಪಾಠಗಳು ಕಂಪ್ಯೂಟರಿನ ಪರದೆಗೆ ಸರಿದವು. ಗ್ರಂಥಪಾಲಕರ ಎದುರಿಗೆ ಈಗ ಮುಖಗಳಿಲ್ಲ. ಹೆಸರು ಬರೆದ ಕಪ್ಪು ಚೌಕಗಳು. ಕ್ಯಾಮರಾ ತೆರೆಯಿರೆಂದು ಒತ್ತಾಯಿಸುವಂತೆಯೂ ಇರಲಿಲ್ಲ. ಏಕೆಂದರೆ ಇಕ್ಕಟ್ಟಾದ ಮನೆಯಲ್ಲಿ ಕುಳಿತವರೂ, ಸಂಪರ್ಕ ಸರಿಯಿಲ್ಲದವರೂ ಅವರಲ್ಲಿದ್ದರು. ಕೇಳುವವರ ಹುಬ್ಬು ಗಂಟಿಕ್ಕಿತೋ, ಅರಳಿತೋ ತಿಳಿಯದೆ ಉತ್ಸಾಹದ ದನಿಯನ್ನು ಉಳಿಸಿಕೊಳ್ಳಬೇಕು. ತಮ್ಮ ಮನೆಯಲ್ಲಿ ರೋಗದ ಭಯವಿದ್ದರೂ, ನೌಕರಿ ಉಳಿಯುವುದೇ ಎಂಬ ಶಂಕೆಯಿದ್ದರೂ, ಗಾಬರಿಗೊಂಡ ವಿದ್ಯಾರ್ಥಿಗೆ ಧೈರ್ಯ ಹೇಳಬೇಕು. ಗೋಡೆಗೆ ಪಾಠ ಹೇಳಿದಂತೆ ಎಂದರೆ ಉತ್ಪ್ರೇಕ್ಷೆಯಾಗದು. ಕೆಲವೆಡೆ ಇಬ್ಬರು ಕೂಡಿ ಪಾಠ ನಡೆಸಿದರು: ಒಬ್ಬರು ಮಾತನಾಡುವಾಗ ಇನ್ನೊಬ್ಬರು ವಿದ್ಯಾರ್ಥಿಗಳು ಬರೆದು ಕಳುಹಿದ ಪ್ರಶ್ನೆಗಳನ್ನು ನೋಡಿಕೊಂಡರು. ಭಾರ ಅಷ್ಟುಮಟ್ಟಿಗೆ ಹಗುರಾಯಿತು.

ವಾರ್ಷಿಕ ವರದಿಗಳಲ್ಲಿ ಎಷ್ಟು ಪಾಠಗಳಾದವು, ಎಷ್ಟು ಮಂದಿ ಹಾಜರಿದ್ದರು ಎಂಬ ಲೆಕ್ಕವಿರುತ್ತದೆ. ಈ ದಣಿವಿಗೆ ಅಲ್ಲಿ ಕಲಮಿಲ್ಲ. ಫೊಬಾಜಿ ಎಟ್ಟಾರ್ ಎಂಬ ಗ್ರಂಥಪಾಲಕಿ, ಪಿಡುಗಿಗೆ ಎರಡು ವರ್ಷ ಮೊದಲೇ, 2018ರಲ್ಲಿ, ಇದರ ಒಂದು ಕಾರಣವನ್ನು ವಿವರಿಸಿದ್ದರು. ವೃತ್ತಿಯನ್ನು ಪವಿತ್ರವೆಂದು ಹೊಗಳಿದಷ್ಟೂ ದಣಿದೆನೆನ್ನುವ ಬಾಯಿ ಕಟ್ಟಿಹೋಗುತ್ತದೆಂಬುದು ಅವರ ವಾದ. ನಮ್ಮಲ್ಲಿ ‘ಸೇವೆ’ ಎಂಬ ಮಾತು ಕೆಲವೊಮ್ಮೆ ಇದೇ ಕೆಲಸ ಮಾಡುತ್ತದೆಂದು ನಮಗೆ ತೋರುತ್ತದೆ. ಆ ವರ್ಷ ಮೊಬೈಲಿನ ಮುಂದೆ ನಿಂತು ನಗುನಗುತ್ತ ಪದ್ಯ ಹೇಳಿಕೊಟ್ಟ ಉಪಾಧ್ಯಾಯಿನಿಯರನ್ನು ಪೋಷಕರು ಕಂಡಿದ್ದಾರೆ. ಪಾಠ ಮುಗಿದು ಮೊಬೈಲು ಆರಿದ ಮೇಲಿನ ಅವರ ಮುಖವನ್ನು ಕಂಡವರು ಅವರ ಮನೆಯವರು ಮಾತ್ರ.