ಗೋದಾಮಿನಲ್ಲಿ ಉಳಿದ ವಿಷ

ಎಂಡೋಸಲ್ಫಾನ್ ಎಂದೊಡನೆ ಕಾಸರಗೋಡಿನವರಿಗೆ ನೆನಪಾಗುವುದು ಗೇರು ತೋಟಗಳ ಮೇಲೆ ಹಾರಾಡಿದ ಹೆಲಿಕಾಪ್ಟರ್. 1970ರ ದಶಕದ ಉತ್ತರಾರ್ಧದಿಂದ 2000ನೇ ಇಸವಿಯವರೆಗೆ ನಡೆದ ಆ ಸಿಂಪಡಣೆಯ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಎಷ್ಟೋ ಮನೆಗಳು ಇಂದಿಗೂ ಉಣ್ಣುತ್ತಿವೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಆದೇಶಿಸಿದ್ದನ್ನೂ ಎಲ್ಲರೂ ಬಲ್ಲರು. ಆದರೆ ಸಿಂಪಡಿಸದೆ ಉಳಿದ ದ್ರವ ಏನಾಯಿತೆಂದು ಕೇಳಿದವರು ವಿರಳ.

ಅದು ಪೆರಿಯ, ರಾಜಪುರಂ, ಚೀಮೇನಿಗಳ ಪ್ಲಾಂಟೇಶನ್ ಕಾರ್ಪೊರೇಶನ್ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಹಳೆಯ ಬ್ಯಾರೆಲುಗಳು ಸೋರತೊಡಗಿದಾಗ ದ್ರವವನ್ನು ಹೊಸ ಬ್ಯಾರೆಲುಗಳಿಗೆ ವರ್ಗಾಯಿಸಲಾಯಿತು. ಮುಳ್ಳೇರಿಯ ಕಡೆಯ ತೋಟವೊಂದರ ಬಾವಿಯಲ್ಲಿ ಉಳಿಕೆಯನ್ನು ಹೂಳಲಾಗಿದೆಯೆಂಬ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಖರೀದಿಸಿದ ದಿನ ಸರಕಾಗಿದ್ದ ಕೀಟನಾಶಕವು ಅವಧಿ ಮೀರಿದೊಡನೆ ಕಾನೂನಿನ ದೃಷ್ಟಿಯಲ್ಲಿ ಅಪಾಯಕಾರಿ ತ್ಯಾಜ್ಯವಾಗುತ್ತದೆ. 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ ಅದು ಸ್ಪಷ್ಟವಾಗಿ ಸೇರಿದೆ. ಅಂತಹ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವಂತಿಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗಡುವನ್ನು ವಿಸ್ತರಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ರಾಸಾಯನಿಕ ಸೋಂಕಿದ ಖಾಲಿ ಬ್ಯಾರೆಲು, ಡಬ್ಬಿಗಳೂ ಅದೇ ಅನುಸೂಚಿಯಲ್ಲಿವೆ. ಕಾರ್ಖಾನೆಯ ರಟ್ಟು, ಗೋಣಿ, ಒಡೆದ ಮರದ ಪೆಟ್ಟಿಗೆಗಳು ತಮ್ಮಷ್ಟಕ್ಕೆ ನಿರಪಾಯಕಾರಿ. ಗುಜರಿಯವನು ಸಂತೋಷದಿಂದ ಕೊಂಡೊಯ್ಯುತ್ತಾನೆ. ಸೋರುವ ಬ್ಯಾರೆಲಿನ ಬದಿಯಲ್ಲಿ ರಾಶಿ ಹಾಕಿದರೆ ಆ ರಾಶಿಯನ್ನೂ ವಿಷವೆಂದೇ ಪರಿಗಣಿಸಬೇಕಾಗುತ್ತದೆ, ವಿಲೇವಾರಿಯ ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಬೇರ್ಪಡಿಸಿ ಇಡುವುದೆಂದರೆ ಬರೇ ಅಚ್ಚುಕಟ್ಟುತನವಲ್ಲ. ಅಡಕೆ ತೋಟದ ಕೀಟನಾಶಕದ ಡಬ್ಬಿಯನ್ನು ತೊಳೆದು ನೀರು ತುಂಬಿಡುವ ನಮ್ಮ ಹಳ್ಳಿಗಳ ಅಭ್ಯಾಸವನ್ನೂ ಈ ಸಂದರ್ಭದಲ್ಲಿ ನೆನೆಯಬೇಕು.

ಅದೇ ನಿಯಮಗಳ 4ನೆಯ ನಿಯಮವು ತ್ಯಾಜ್ಯ ಹುಟ್ಟದಂತೆ ತಡೆಯುವುದನ್ನು ಮೊದಲಿಗೂ ವಿಲೇವಾರಿಯನ್ನು ಕೊನೆಗೂ ಇರಿಸಿದೆ. ನಡುವೆ ಕಡಿತ, ಮರುಬಳಕೆ, ಪುನಶ್ಚಕ್ರಣ ಮೊದಲಾದವು ಬರುತ್ತವೆ. ಕೀಟನಾಶಕದ ವಿಷಯದಲ್ಲಿ ತಡೆಯುವುದೆಂದರೆ ಒಂದು ಹಂಗಾಮಿಗೆ ಬೇಕಾದಷ್ಟನ್ನೇ ಕೊಳ್ಳುವುದು, ಹಳೆಯದನ್ನು ಮೊದಲು ಮುಗಿಸುವುದು. ನಿಷೇಧದ ತೂಗುಗತ್ತಿ ಇರುವ ಔಷಧವನ್ನಂತೂ ದಾಸ್ತಾನು ಮಾಡಲೇಬಾರದು. ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ, ಬಳಕೆಗಳನ್ನು ಸರ್ವೋಚ್ಚ ನ್ಯಾಯಾಲಯ ತಡೆದದ್ದು 2011ರ ಮೇ 13ರಂದು. ಇಲ್ಲಿ ಸಿಂಪಡಣೆ ನಿಂತು ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಅಪಾಯಕಾರಿ ತ್ಯಾಜ್ಯವುಳ್ಳ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ, ಜೂನ್ 30ರೊಳಗೆ, ಮಂಡಳಿಗೆ ಲೆಕ್ಕ ಒಪ್ಪಿಸಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಅದರ ಪ್ರತಿಯನ್ನು ಯಾವ ಪೌರನೂ ಕೋರಬಹುದು. ಅರ್ಜಿಯಲ್ಲಿ ಕೇಳಬೇಕಾದದ್ದು ಇಷ್ಟೇ: ಎಷ್ಟು ಬ್ಯಾರೆಲು ಒಳಗೆ ಬಂದವು, ಎಷ್ಟು ಹೊರಗೆ ಹೋದವು, ಎಲ್ಲಿಗೆ.