ತಿದ್ದಿದವರು ಯಾರು?

ಹಳಗನ್ನಡ ಕಾವ್ಯದ ಸಂಪಾದಿತ ಗ್ರಂಥವೊಂದನ್ನು ತೆರೆದು ನೋಡಿ. ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಪಾಠಾಂತರಗಳನ್ನು ಕೊಟ್ಟಿರುತ್ತಾರೆ. ಮುದ್ರಣಯಂತ್ರ ಬರುವ ಮೊದಲು ಕಾವ್ಯಗಳು ಓಲೆಗರಿಗಳಲ್ಲಿ ಕೈಯಿಂದ ಕೈಗೆ ಪ್ರತಿಯಾಗುತ್ತ ಬಂದವು. ಒಬ್ಬ ಲಿಪಿಕಾರ ಒಂದು ಅಕ್ಷರವನ್ನು ಬಿಟ್ಟ. ಇನ್ನೊಬ್ಬ ತನಗೆ ಅರ್ಥವಾಗದ ಪದವನ್ನು ಅರ್ಥವಾಗುವ ಪದವಾಗಿ ತಿದ್ದಿದ. ಯಾರು ತಿದ್ದಿದರು, ಎಂದು ತಿದ್ದಿದರು, ಏಕೆ ತಿದ್ದಿದರು ಎಂಬುದನ್ನು ಸಾಮಾನ್ಯವಾಗಿ ಯಾರೂ ಬರೆದಿಡಲಿಲ್ಲ. ಆದುದರಿಂದಲೇ ವಿದ್ವಾಂಸರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಕವಿಯ ಮೂಲಪಾಠ ಯಾವುದಿದ್ದಿರಬಹುದೆಂದು ವರ್ಷಗಟ್ಟಲೆ ಶ್ರಮಿಸಿ ನಿರ್ಣಯಿಸಬೇಕಾಯಿತು.

ಈ ತೊಡಕು ಓಲೆಗರಿಯೊಡನೆಯೇ ಕಣ್ಮರೆಯಾಯಿತೆಂದು ನಾನು ಭಾವಿಸಿದ್ದೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳು ಆ ಭಾವನೆಯನ್ನು ಹೋಗಲಾಡಿಸಿದಳು. ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಗಣಕ ಕಾರ್ಯಕ್ರಮವೊಂದನ್ನು ನಾಲ್ವರು ವಿದ್ಯಾರ್ಥಿಗಳು ಕೂಡಿ ರಚಿಸಬೇಕಾಗಿತ್ತು. ಅವರು ತಮ್ಮ ಬರೆಹವನ್ನು ಒಬ್ಬರಿಂದೊಬ್ಬರಿಗೆ ಕಳುಹಿಸುತ್ತ ತಿದ್ದುತ್ತಿದ್ದರು. ಕೊನೆಗೆ ‘ಅಂತಿಮ’, ‘ಹೊಸ ಅಂತಿಮ’, ‘ನಿಜವಾದ ಅಂತಿಮ’ ಎಂಬ ಮೂರು ಕಡತಗಳು ಉಳಿದವು. ಅವಸರದಲ್ಲಿ ಅವರು ಅಧ್ಯಾಪಕರಿಗೆ ಒಪ್ಪಿಸಿದ್ದು ಅಪೂರ್ಣವಾದ ಕಡತವನ್ನು!

ಇಂತಹ ಗೊಂದಲವನ್ನು ತಪ್ಪಿಸುವ ಉಪಾಯಕ್ಕೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಇದು ಇಂದು ನಿನ್ನೆಯದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬವರು 1972ರಲ್ಲಿಯೇ ಇಂತಹ ಒಂದು ವ್ಯವಸ್ಥೆಯನ್ನು ರೂಪಿಸಿದರು. ಇಂದು ಬಹುವಾಗಿ ಬಳಕೆಯಲ್ಲಿರುವುದು ‘ಗಿಟ್’. ಫಿನ್‌ಲ್ಯಾಂಡ್ ದೇಶದಲ್ಲಿ ಹುಟ್ಟಿದ ಲೀನಸ್ ಟೊರ್ವಾಲ್ಡ್ಸ್ ಇದನ್ನು 2005ರಲ್ಲಿ ರಚಿಸಿದರು. ಅವರು 1991ರಲ್ಲಿ ಆರಂಭಿಸಿದ್ದ ಲಿನಕ್ಸ್ ವ್ಯವಸ್ಥೆಯನ್ನು ಅಷ್ಟುಹೊತ್ತಿಗೆ ಹಲವು ದೇಶಗಳ ಜನ ಕೂಡಿ ಬೆಳೆಸುತ್ತಿದ್ದರು. ಒಬ್ಬರನ್ನೊಬ್ಬರು ನೋಡದ ಅಷ್ಟು ಮಂದಿಯ ತಿದ್ದುಪಡಿಗಳನ್ನು ಒಂದುಗೂಡಿಸಲು ಅವರಿಗೆ ಒಂದು ಸಾಧನ ಬೇಕಾಗಿತ್ತು.

ಗಿಟ್ ಕೆಲಸ ಮಾಡುವ ಕ್ರಮ ಸರಳವಾದುದು. ಕೆಲಸ ಒಂದು ಹಂತಕ್ಕೆ ಬಂದಾಗ ವಿದ್ಯಾರ್ಥಿಯು ಅದನ್ನು ದಾಖಲೆ ಮಾಡುತ್ತಾನೆ. ಇದಕ್ಕೆ ‘ಕಮಿಟ್’ ಎನ್ನುತ್ತಾರೆ. ಆ ಕ್ಷಣದಲ್ಲಿ ಕಡತಗಳೆಲ್ಲ ಹೇಗಿದ್ದವೋ ಹಾಗೆಯೇ ಅದರಲ್ಲಿ ಉಳಿಯುತ್ತವೆ. ಜೊತೆಗೆ ಬರೆದವನ ಹೆಸರು, ದಿನಾಂಕ, ವೇಳೆ, ಬದಲಾವಣೆಯ ಕಾರಣವನ್ನು ತಿಳಿಸುವ ಒಂದು ವಾಕ್ಯ ಮತ್ತು ಹಿಂದಿನ ದಾಖಲೆಯ ಗುರುತು ಇರುತ್ತವೆ. ಹೀಗೆ ದಾಖಲೆಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಪ್ರತಿಯೊಂದು ದಾಖಲೆಗೂ ಅದರೊಳಗಿನ ವಿಷಯದಿಂದಲೇ ಗಣಿಸಿದ, ಸಾಮಾನ್ಯವಾಗಿ 40 ಅಂಕೆ-ಅಕ್ಷರಗಳ ಗುರುತೊಂದಿರುತ್ತದೆ. ಒಳಗಿನ ಒಂದು ಅಕ್ಷರ ಬದಲಾದರೂ ಆ ಗುರುತು ಬೇರೆಯಾಗುತ್ತದೆ.

ನಾಲ್ವರೂ ಏಕಕಾಲದಲ್ಲಿ ದುಡಿಯಬೇಕಾದರೆ ಒಬ್ಬೊಬ್ಬರೂ ಮುಖ್ಯ ಕಾಂಡದಿಂದ ಒಂದೊಂದು ಶಾಖೆಯನ್ನು ತೆಗೆದುಕೊಳ್ಳಬಹುದು. ಕೆಲಸ ಮುಗಿದ ಮೇಲೆ ಶಾಖೆಯನ್ನು ಕಾಂಡದಲ್ಲಿ ವಿಲೀನಗೊಳಿಸುತ್ತಾರೆ. ಇಬ್ಬರು ಬೇರೆ ಬೇರೆ ಭಾಗಗಳನ್ನು ತಿದ್ದಿದ್ದರೆ ಯಂತ್ರವೇ ಅವನ್ನು ಕೂಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ತಿದ್ದಿದ್ದರೆ ಅದು ಅಲ್ಲಿಯೇ ನಿಂತು, ಎರಡು ಪಾಠಗಳನ್ನೂ ಮುಂದಿಟ್ಟು, “ಯಾವುದನ್ನು ಉಳಿಸಲಿ?” ಎಂದು ಕೇಳಿದಂತಾಗುತ್ತದೆ. ನಿರ್ಣಯ ಮಾತ್ರ ಮನುಷ್ಯನದು. ಗಡುವಿನ ಹೊತ್ತಿಗೆ ಕಾಂಡದಲ್ಲಿರುವ ಕೊನೆಯ ದಾಖಲೆಗೆ ಒಂದು ಗುರುತುಚೀಟಿ ಹಚ್ಚಿ, ಆ ಭಂಡಾರವನ್ನು ಅಧ್ಯಾಪಕರಿಗೆ ಒಪ್ಪಿಸುತ್ತಾರೆ. ಅಧ್ಯಾಪಕರು ಫಲವನ್ನು ಮಾತ್ರವಲ್ಲದೆ, ಅದು ಬೆಳೆದು ಬಂದ ಬಗೆಯನ್ನೂ ಕಾಣಬಲ್ಲರು. ವಾರಗಟ್ಟಲೆ ದುಡಿದುದೂ ಕೊನೆಯ ರಾತ್ರಿ ತಂದು ಸುರಿದುದೂ ಅಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ.

ಎರಡನೆಯ ಸಲ ನನ್ನ ತಮ್ಮನ ಮಗಳ ತಂಡ ಈ ಕ್ರಮವನ್ನೇ ಅನುಸರಿಸಿತು. ಒಪ್ಪಿಸುವ ಹಿಂದಿನ ದಿನ ಗೆಳತಿಯೊಬ್ಬಳು ಬರೆದಿದ್ದ, ತಡವಾಗಿ ಮರಳಿಸಿದ ಪುಸ್ತಕಗಳಿಗೆ ದಂಡ ಲೆಕ್ಕಹಾಕುವ ಭಾಗವೇ ಕಾಣದಾಯಿತು. ತಂಡದ ಹುಡುಗನೊಬ್ಬ ಸ್ವಭಾವತಃ ಅಜಾಗರೂಕ. ಅವನೇ ಅಳಿಸಿರಬೇಕೆಂದು ಇವಳು ಎಲ್ಲರೆದುರು ಆಡಿಬಿಟ್ಟಳು. ಅವನು ತಲೆತಗ್ಗಿಸಿ ನಿಂತನು. ಬಳಿಕ ದಾಖಲೆಯನ್ನು ತೆರೆದು ನೋಡಿದರೆ ಅಲ್ಲಿದ್ದುದು ಇವಳದೇ ಹೆಸರು! ಹಿಂದಿನ ರಾತ್ರಿ ವಿಲೀನಗೊಳಿಸುವಾಗ, ನಿದ್ದೆಗಣ್ಣಿನಲ್ಲಿ ತನ್ನ ಸಾಲುಗಳನ್ನು ಉಳಿಸಿ ಗೆಳತಿಯ ಸಾಲುಗಳನ್ನು ಕೈಬಿಟ್ಟಿದ್ದಳು. ಹಳೆಯ ದಾಖಲೆಯಿಂದ ಆ ಭಾಗವನ್ನು ಮರಳಿ ಪಡೆಯಲು ಕೆಲವೇ ನಿಮಿಷಗಳು ಸಾಕಾದವು. “ದೊಡ್ಡಪ್ಪ, ಕೆಲಸ ಸರಿಹೋಯಿತು. ಆದರೆ ಅವನ ಕ್ಷಮೆ ಕೇಳುವುದಕ್ಕೆ ಇಡೀ ದಿನ ಧೈರ್ಯ ಸಾಲಲಿಲ್ಲ” ಎಂದು ಅವಳು ನನ್ನೊಡನೆ ಹೇಳಿದಳು. ಸಂಜೆಗೆ ಕೇಳಿದಳಂತೆ.

ಈ ಸಾಧನಕ್ಕೂ ಮಿತಿಗಳುಂಟು. ದಾಖಲೆಗಳ ಸಂಖ್ಯೆ ಶ್ರಮದ ಅಳತೆಯಲ್ಲ. ಎರಡು ದಿನ ಯೋಚಿಸಿ ಹತ್ತೇ ಸಾಲು ಬರೆದವನ ಕೆಲಸ ನೂರು ಸಾಲು ಬರೆದವನದಕ್ಕಿಂತ ಹಿರಿದಾಗಿರಬಹುದು. ಅಲ್ಲದೆ ಗಿಟ್ ದಾಖಲಿಸುವುದು ತನಗೆ ತಿಳಿಸಿದ ಹೆಸರನ್ನು. ಗೆಳೆಯನು ಬರೆದುದನ್ನು ತನ್ನ ಹೆಸರಿನಲ್ಲಿ ಸೇರಿಸುವ ಕೈಯನ್ನು ಅದು ತಡೆಯಲಾರದು. ದಾಖಲೆ ನಿಜವಾಗಿರಬೇಕಾದರೆ ಅದನ್ನು ಬರೆಯುವವನು ಪ್ರಾಮಾಣಿಕನಾಗಿರಬೇಕು.

ನಿಮ್ಮ ಶಾಲೆಯಲ್ಲಿಯೂ ನೀವು ಕೂಡಿ ನಕ್ಷೆ ಬರೆಯುತ್ತೀರಿ, ಕೈಬರಹದ ಪತ್ರಿಕೆ ತರುತ್ತೀರಿ. ಅದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ಒಂದು ನೋಟುಬುಕ್ಕಿನಲ್ಲಿ ಯಾರು, ಎಂದು, ಏನನ್ನು, ಏಕೆ ತಿದ್ದಿದರೆಂದು ಬರೆದಿಡಿ. ಮಾಡಿದವರಿಗೆ ಮನ್ನಣೆ ಸಲ್ಲಲಿ. ತಪ್ಪು ನಮ್ಮದಾಗಿದ್ದರೆ, ಇನ್ನೊಬ್ಬರು ತಲೆತಗ್ಗಿಸುವ ಮೊದಲೇ ಅದು ನಮಗೆ ತಿಳಿಯಲಿ.