ಸರ್ಕಲ್ಲಿನಲ್ಲೇ ಮುಗಿಯಬೇಕಾದ ಲೆಕ್ಕ

ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಎದುರಿಗೆ ಮಗು ಅಡ್ಡ ಬಂತೇ ಎಂದು ದೂರದ ಡೇಟಾ ಸೆಂಟರನ್ನು ಕೇಳಿ, ಉತ್ತರಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಹಿಡಿದರೂ ಕಾರು ಅಷ್ಟರಲ್ಲಿ 2 ಮೀಟರ್ ಮುಂದಿರುತ್ತದೆ. ಹಾಗಾಗಿ ಬ್ರೇಕಿನ ಲೆಕ್ಕ ಗಾಡಿಯೊಳಗೇ ಆಗಬೇಕು, ಅದರಲ್ಲಿ ತಕರಾರಿಲ್ಲ. ತಿರುವಿನಾಚೆ ಏನಿದೆ, ಮುಂದಿನ ಸರ್ಕಲ್ಲಿನಲ್ಲಿ ಎಷ್ಟು ಗಾಡಿ ನಿಂತಿವೆ ಎಂಬಂಥವನ್ನು ಗಾಡಿಯೊಂದೇ ಕಂಡುಕೊಳ್ಳಲಾರದು, ಡೇಟಾ ಸೆಂಟರು ದೂರವಾಯಿತು. ಅವನ್ನು ರಸ್ತೆ ಬದಿಯ ಪೆಟ್ಟಿಗೆಗೋ ಮೊಬೈಲ್ ಟವರಿನ ಬುಡದ ಕಂಪ್ಯೂಟರಿಗೋ ಒಪ್ಪಿಸುವ ಏರ್ಪಾಡೇ ಎಡ್ಜ್ ಕಂಪ್ಯೂಟಿಂಗ್.

ಬೆಂಗಳೂರಲ್ಲಿ ಗಾಡಿಗಳು ತೆವಳುತ್ತವೆ, ಆತುರ ಯಾರಿಗೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ನಮ್ಮೂರಿಗೆ ಇದು ಬೇಕಿರುವುದು ವೇಗಕ್ಕಿಂತ ಹೊರೆ ಇಳಿಸಲು. ಸೇಫ್ ಸಿಟಿ ಯೋಜನೆಯ ಕ್ಯಾಮೆರಾಗಳೇ 7,500ಕ್ಕೂ ಹೆಚ್ಚು. ಒಂದೊಂದೂ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತದೆಂದು ಹಿಡಿದರೆ ಹಗಲೂ ರಾತ್ರಿ ಸೆಕೆಂಡಿಗೆ 30 ಗಿಗಾಬಿಟ್ ಹರಿಯುತ್ತಿರಬೇಕು. ಅದರ ಬದಲು ಗಾಡಿಗಳ ಎಣಿಕೆ ಸರ್ಕಲ್ಲಿನಲ್ಲೇ ಮುಗಿದರೆ ಹೋಗಬೇಕಾದದ್ದು ಇಷ್ಟೇ: ಬಸ್ಸು 3, ಆಟೊ 17, ಬೈಕು 42. ಒಂದು ಎಸ್ಸೆಮ್ಮೆಸ್ಸಿನಷ್ಟು. ಚಿತ್ರವನ್ನು ಅಲ್ಲೇ ಅಳಿಸಿದರೆ ನಂಬರ್ ಪ್ಲೇಟೂ ಊರು ಸುತ್ತುವುದಿಲ್ಲ.

ಹಾಗೆಂದು ದೊಡ್ಡ ಕಂಪ್ಯೂಟರಿಗೆ ಕೆಲಸವಿಲ್ಲವೆಂದಲ್ಲ. ಎಣಿಸುವುದನ್ನು ಪೆಟ್ಟಿಗೆಗೆ ಮೊದಲು ಕಲಿಸಬೇಕಲ್ಲ. ಹೀಗೆ ಕಲಿಸಲು ಜಗತ್ತಿನೆಲ್ಲೆಡೆ ಬಳಸುವ ಕೋಕೊ ಎಂಬ ಚಿತ್ರಸಂಗ್ರಹದ 80 ವರ್ಗಗಳಲ್ಲಿ ಜಿರಾಫೆಗೆ ಜಾಗವಿದೆ, ಆಟೊರಿಕ್ಷಾಕ್ಕಿಲ್ಲ! ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2025ರಲ್ಲಿ ಹೊರತಂದ ಯುವಿಎಚ್-26 ಸಂಗ್ರಹ ಈ ಕೊರತೆ ತುಂಬುವಂಥದು. ನಗರದ ಸುಮಾರು 2,800 ಕ್ಯಾಮೆರಾಗಳಿಂದ ಆಯ್ದ 26,646 ಚಿತ್ರಗಳಲ್ಲಿ 565 ವಿದ್ಯಾರ್ಥಿಗಳು ಆಟೊ, ಟೆಂಪೊ ಟ್ರಾವೆಲರ್ ಸೇರಿ 14 ಬಗೆಯ ಗಾಡಿಗಳನ್ನು ಗುರುತು ಹಾಕಿದ್ದಾರೆ. ಕಲಿಕೆ ದೊಡ್ಡ ಕಂಪ್ಯೂಟರಿನಲ್ಲಿ, ಎಣಿಕೆ ಬೀದಿಯಲ್ಲಿ.

ತೊಡಕಿರುವುದು ಬೇರೆ ಕಡೆ. ಹತ್ತಿರವಿದೆಯೆಂದ ಮಾತ್ರಕ್ಕೆ ಕೆಲಸ ಬೇಗ ಆಗುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಮನೆಯಿಂದ ನಾಲ್ಕೇ ಹೆಜ್ಜೆ ಇರಬಹುದು, ಕಾವಲಿಯ ಮೇಲೆ ದೋಸೆ ಬೇಗನೆ ಏಳಬಹುದು. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಕಾಯುವ ಹೊತ್ತನ್ನೂ ಸೇರಿಸಿದರೆ ಮನೆಯಲ್ಲೇ ಹುಯ್ದುಕೊಳ್ಳುವುದು ವಾಸಿ. ಗಾಡಿಯೂ ಹೀಗೇ ಲೆಕ್ಕ ಹಾಕಬೇಕು: ಕಳಿಸುವ ಹೊತ್ತು, ಸರದಿಯಲ್ಲಿ ಕಾಯುವ ಹೊತ್ತು, ಉತ್ತರ ಮರಳುವ ಹೊತ್ತು. ಅಷ್ಟರಲ್ಲಿ ಗಾಡಿ ಆ ಪೆಟ್ಟಿಗೆಯ ವ್ಯಾಪ್ತಿ ದಾಟಿದ್ದರೆ ಉತ್ತರವನ್ನು ಮುಂದಿನ ಪೆಟ್ಟಿಗೆ ತಲುಪಿಸಬೇಕು.

ಕರೆಂಟು, ಮಳೆ, ಬಿಸಿಲಿಗೆ ಪೆಟ್ಟಿಗೆ ಕೆಡುತ್ತದೆ ಎಂಬ ಆಕ್ಷೇಪ ನಿಜ, ಆದರೆ ಸಿಗ್ನಲ್ಲೂ ಕೆಡುತ್ತದೆ. ಪೆಟ್ಟಿಗೆ ಕೆಟ್ಟಾಗ ಅದರ ಎಣಿಕೆ ನಂಬಿದ ಸಿಗ್ನಲ್ಲು ಹಳೆಯ ನಿಗದಿತ ಹೊತ್ತಿಗೆ ಮರಳುವಂತಿದ್ದರಾಯಿತು. ನಿಜವಾದ ಪರೀಕ್ಷೆ ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ. ದೊಡ್ಡ ಬಸವನ ಮುಂದೆ ಕಾಯಿಯ ರಾಶಿ, ಗಾಡಿಗಳೆಲ್ಲ ಅಕ್ಕಪಕ್ಕದ ರಸ್ತೆಗಳಿಗೆ. ಆಗ ಆ ರಸ್ತೆಗಳ ಪೆಟ್ಟಿಗೆಗಳ ಮುಂದೆಯೂ ಸರದಿ ಬೆಳೆಯುತ್ತದೆ, ಪಕ್ಕದ ಬಡಾವಣೆಯ ಪೆಟ್ಟಿಗೆ ಮಾತ್ರ ಖಾಲಿ ಕೂತಿರುತ್ತದೆ. ಹೊರೆಯನ್ನು ಅದಕ್ಕೆ ದಾಟಿಸಲು ಬರುತ್ತದೆಯೇ ಎಂಬುದೇ ಆ ಪರೀಕ್ಷೆ.